ಮನೆಯ ಆರೋಗ್ಯ: ಮಾತು ಮರೆಯಾಗುವಾಗ

ವಯಸ್ಸಾದವರಿಗೆ ಆಗೊಮ್ಮೆ ಈಗೊಮ್ಮೆ ಒಂದು ಹೆಸರು ನೆನಪಿಗೆ ಬಾರದಿರುವುದು ಸಹಜ. ಸ್ವಲ್ಪ ಹೊತ್ತಿನ ಮೇಲೆ ಅದು ತಾನಾಗಿಯೇ ಹೊಳೆಯುತ್ತದೆ. ಆದರೆ ದಿನಬಳಕೆಯ ವಸ್ತುಗಳ ಹೆಸರುಗಳೇ ಪದೇ ಪದೇ ತಪ್ಪತೊಡಗಿದರೆ ‘ವಯಸ್ಸಾಯಿತು’ ಎಂದು ಕಡೆಗಣಿಸುವುದು ಉಚಿತವಲ್ಲ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಲಾಯಿತು. ಆಕೆ ಬಟ್ಟಲಿಗೆ ‘ಹಾಲು ಸುರಿಯುವ ಪಾತ್ರೆ’ ಎಂಬರ್ಥದ ಪದ ಬಳಸಿದ್ದನ್ನು ವೈದ್ಯ ಆಲೋಯಿಸ್ ಆಲ್ಜೈಮರ್ ಅವರು 1907ರ ತಮ್ಮ ಲೇಖನದಲ್ಲಿ ದಾಖಲಿಸಿದರು. ಬೇಕಾದ ಹೆಸರು ಸಿಗದೆ, ಅದರ ನೆರೆಯ ಇನ್ನೊಂದು ಹೆಸರು ನಾಲಿಗೆಗೆ ಬಂದಿತ್ತು. ಮುಂದೆ ಆ ರೋಗಕ್ಕೆ ಅವರ ಹೆಸರೇ ನಿಂತಿತು.

ಈ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ನಾಮಪದಗಳು. ಅವುಗಳ ಸ್ಥಾನವನ್ನು ‘ಅದು’, ‘ಇದು’ ಎಂಬ ಮಾತುಗಳು ಆಕ್ರಮಿಸುತ್ತವೆ. ಉಚ್ಚಾರಣೆ, ವಾಕ್ಯರಚನೆಗಳು ಬಹುಕಾಲ ಉಳಿಯುವುದರಿಂದ ಮನೆಯವರಿಗೆ ರೋಗದ ಸುಳಿವೇ ಹತ್ತುವುದಿಲ್ಲ. ಕಾದಂಬರಿಗಾರ್ತಿ ಐರಿಸ್ ಮರ್ಡೋಕ್ ಅವರ ಕೊನೆಯ ಕಾದಂಬರಿ ಪ್ರಕಟವಾದದ್ದು 1995ರಲ್ಲಿ. ರೋಗ ಪತ್ತೆಯಾದದ್ದು ಅನಂತರ. ಅವರ ಹಿಂದಿನ ಕೃತಿಗಳೊಡನೆ ಅದನ್ನು ಹೋಲಿಸಿದ ಸಂಶೋಧಕರು 2005ರಲ್ಲಿ ಕಂಡುಕೊಂಡದ್ದೂ ಇದನ್ನೇ: ವಾಕ್ಯರಚನೆ ಬಹುಮಟ್ಟಿಗೆ ಹಾಗೆಯೇ ಇತ್ತು, ಶಬ್ದಸಂಪತ್ತು ಬಡವಾಗಿತ್ತು.

ರೋಗ ಬಲಿತಂತೆ ಕೇಳಿದ್ದನ್ನೇ ಕೇಳುವುದು, ದೀರ್ಘವಾದ ಮಾತು ಅರ್ಥವಾಗದಿರುವುದು, ಕಡೆಗೆ ಮೌನ. ಇದನ್ನು ಹಟವೆಂದೋ ಉದಾಸೀನವೆಂದೋ ಬಗೆದು ಗದರಿಸುವ ಮನೆಗಳುಂಟು. ಗದರಿಕೆಗೆ ಅಂಜಿದ ಹಿರಿಯರು ಉಳಿದಿರುವ ನಾಲ್ಕು ಮಾತುಗಳನ್ನೂ ಆಡದೆ ಮೂಲೆ ಸೇರುತ್ತಾರೆ.

ಮಾತಿನಲ್ಲಿ ಇಂತಹ ಬದಲಾವಣೆ ಕಂಡೊಡನೆ ವೈದ್ಯರಿಗೆ ತೋರಿಸಬೇಕು. ಕಿವುಡು, ಖಿನ್ನತೆ, ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆಗಳೂ ಮರೆವನ್ನು ಹೋಲುವ ಲಕ್ಷಣಗಳನ್ನು ತೋರಬಲ್ಲವು, ಅವುಗಳಿಗೆ ಚಿಕಿತ್ಸೆಯುಂಟು. ಆಲ್ಜೈಮರ್ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧಿ ಇಲ್ಲವಾದರೂ ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡುವ ಔಷಧಿಗಳಿವೆ.

ಮನೆಯವರು ಮಾಡಬಹುದಾದದ್ದು ಬಹಳವಿದೆ. ಎದುರಿಗೆ ಕುಳಿತು, ಚಿಕ್ಕ ವಾಕ್ಯಗಳಲ್ಲಿ, ಒಂದು ಸಲಕ್ಕೆ ಒಂದೇ ವಿಷಯ ಹೇಳಬೇಕು. ‘ನಾನು ಯಾರು ಹೇಳು ನೋಡೋಣ’ ಎಂದು ಪರೀಕ್ಷಿಸದೆ, ‘ಅಜ್ಜಿ, ನಾನು ನಿಮ್ಮ ಮೊಮ್ಮಗಳು’ ಎಂದು ತಾವೇ ಹೇಳಬೇಕು. ‘ಏನು ತಿನ್ನುತ್ತೀರಿ?’ ಎಂಬುದಕ್ಕಿಂತ ‘ರೊಟ್ಟಿಯೋ, ಅನ್ನವೋ?’ ಎಂದು ತೋರಿಸಿ ಕೇಳುವುದು ಸುಲಭ. ಉತ್ತರಕ್ಕೆ ಕಾಯುವ ತಾಳ್ಮೆ ಬೇಕು. ಬಾಲ್ಯದಲ್ಲಿ ಬಾಯಿಪಾಠವಾದ ಹಾಡು, ವಚನಗಳು ಎಷ್ಟೋ ಜನರಲ್ಲಿ ಇತರ ಮಾತುಗಳಿಗಿಂತ ಹೆಚ್ಚು ಕಾಲ ಉಳಿಯುತ್ತವೆ; ಅವರೊಡನೆ ದನಿಗೂಡಿಸಿರಿ. ಪದಗಳ ಅರ್ಥ ತಿಳಿಯದಾದ ಮೇಲೂ ದನಿಯಲ್ಲಿನ ಅಕ್ಕರೆ ಅವರಿಗೆ ತಿಳಿಯುತ್ತದೆ.