ಸುಟ್ಟ ಮೋಟರ್‌ಗೆ ಎಷ್ಟು ಸಲ ವೈಂಡಿಂಗ್?

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತದ ಸುಗ್ಗಿ ಶುರುವಾಯಿತೆಂದರೆ ರೈಸ್ ಮಿಲ್‌ಗಳಷ್ಟೇ ಬಿಡುವಿಲ್ಲದ ಇನ್ನೊಂದು ಜಾಗವಿದೆ: ಮೋಟರ್ ವೈಂಡಿಂಗ್ ಅಂಗಡಿ. ಬಾಗಿಲಲ್ಲಿ ಸುಟ್ಟ ಮೋಟರ್‌ಗಳ ಸಾಲು. ಕೆಲವಕ್ಕೆ ನೇಮ್‌ಪ್ಲೇಟೇ ಇಲ್ಲ. ಎಷ್ಟು ಸಲ ವೈಂಡಿಂಗ್ ಆಗಿದೆ ಎಂದು ಕೇಳಿದರೆ ಮಾಲೀಕರಿಗೂ ನೆನಪಿಲ್ಲ.

ಹೊಸದು ಯಾಕೆ ಹಾಕುವುದಿಲ್ಲ ಎಂದು ನಾವು ಒಬ್ಬ ಮಿಲ್ ಮಾಲೀಕರನ್ನು ಕೇಳಿದೆವು. "ಸೀಸನ್‌ನಾಗ ಮಿಲ್ ನಿಂತ್ರ ಹೆಂಗ್ರಿ? ವೈಂಡಿಂಗ್ ಮಾಡಿಸಿದ್ರ ನಾಳೆ ಓಡ್ತೈತಿ" ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಆ ಲೆಕ್ಕ ಅರ್ಧ ಮಾತ್ರ. ಉಳಿದರ್ಧ ಕರೆಂಟ್ ಬಿಲ್‌ನಲ್ಲಿದೆ.

20 ಎಚ್‌ಪಿ, ಅಂದರೆ ಸುಮಾರು 15 ಕಿಲೋವ್ಯಾಟ್‌ನ ಮೋಟರ್ ತೆಗೆದುಕೊಳ್ಳಿ. ನಾಲ್ಕು ಪೋಲ್‌ನ ಹಳೆಯ ಐಇ1 ದರ್ಜೆಯ ಮೋಟರ್‌ನ ದಕ್ಷತೆ ಶೇ. 88.7. ಐಇ3 ದರ್ಜೆಯದಕ್ಕೆ ಶೇ. 92.1. "ಮೂರು ಪರ್ಸೆಂಟ್‌ಗೆ ಇಷ್ಟು ಗದ್ದಲವೇ?" ಎನ್ನಬೇಡಿ. ಎರಡು ಮೂರು ಸಲ ಕೆಟ್ಟದಾಗಿ ವೈಂಡಿಂಗ್ ಆಗಿ ಹಳೆಯ ಮೋಟರ್ ಶೇ. 85ಕ್ಕೆ ಇಳಿದಿದೆ ಎಂದುಕೊಳ್ಳಿ. ವರ್ಷಕ್ಕೆ 4000 ಗಂಟೆ ಪೂರ್ತಿ ಲೋಡ್‌ನಲ್ಲಿ ಓಡಿದರೆ ಅದು ಐಇ3 ಮೋಟರ್‌ಗಿಂತ ಸುಮಾರು 5,400 ಯೂನಿಟ್ ಹೆಚ್ಚು ನುಂಗುತ್ತದೆ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 38 ಸಾವಿರ ರೂಪಾಯಿ. ಇದು ಒಂದೇ ಮೋಟರ್‌ನ ಒಂದೇ ವರ್ಷದ ಲೆಕ್ಕ. ಆ ಮೋಟರ್ ವರ್ಷಕ್ಕೆ ತಿನ್ನುವ ಕರೆಂಟ್ ಹತ್ತಿರಹತ್ತಿರ 5 ಲಕ್ಷ ರೂಪಾಯಿಯದು. ಮೋಟರ್ ಕೊಳ್ಳುವುದು ಸಾವಿರಗಳಲ್ಲಿ, ಓಡಿಸುವುದು ಲಕ್ಷಗಳಲ್ಲಿ. ನಾವು ಚೌಕಾಸಿ ಮಾಡುವುದು ಮಾತ್ರ ಸಾವಿರದ ಬಳಿ.

ವೈಂಡಿಂಗ್ ಮಾಡುವವರನ್ನು ಬೈದು ಕೈತೊಳೆದುಕೊಳ್ಳುವವರ ಗುಂಪಿಗೆ ನಾವು ಸೇರುವುದಿಲ್ಲ. ಸುಟ್ಟ ಕಾಯಿಲ್ ತೆಗೆಯಲು ಸ್ಟೇಟರ್‌ಗೆ ಬೆಂಕಿ ಕೊಟ್ಟರೆ ಒಳಗಿನ ಕಬ್ಬಿಣದ ಹಾಳೆಗಳ ನಡುವಿನ ಇನ್ಸುಲೇಶನ್ ಕೆಡುತ್ತದೆ, ಮೋಟರ್ ಸುಮ್ಮನೆ ಓಡುವಾಗಲೂ ಬಿಸಿಯಾಗುತ್ತದೆ. ಗೇಜ್ ಕಡಿಮೆ ಮಾಡಿ ತೆಳು ತಂತಿ ಸುತ್ತಿದರೆ ನಷ್ಟ ಇನ್ನೂ ಹೆಚ್ಚು. ಬೆಂಕಿಯ ಬದಲು ತಾಪ ನಿಯಂತ್ರಿಸುವ ಓವನ್ ಇದ್ದರೆ, ಮೂಲ ಗೇಜ್‌ನ ತಾಮ್ರವನ್ನೇ ಸುತ್ತಿದರೆ ದಕ್ಷತೆ ಬಹುಪಾಲು ಉಳಿಯುತ್ತದೆ. ಆ ಓವನ್‌ಗೆ ಸಾಲ ಕೊಟ್ಟವರು ಯಾರು? ತರಬೇತಿ ಕೊಟ್ಟವರು ಯಾರು? ನಾಳೆ ಹಳೆ ಮೋಟರ್‌ಗಳೆಲ್ಲ ಗುಜರಿಗೆ ಹೋದರೆ ಈ ಅಂಗಡಿಯ ಹುಡುಗರು ಏನು ಮಾಡಬೇಕು?

ಕಾನೂನು ಹೊಸ ಮೋಟರ್‌ನ ಬಳಿಗೇ ನಿಂತಿದೆ. 2017ರ ಕೇಂದ್ರದ ಆದೇಶ ಹೊಸ ಮೂರು ಫೇಸ್ ಮೋಟರ್‌ಗಳಿಗೆ ಕನಿಷ್ಠ ಐಇ2 ದರ್ಜೆ ನಿಗದಿ ಮಾಡಿತು. ಯುರೋಪಿನಲ್ಲಿ 2023ರ ಜುಲೈನಿಂದ 75ರಿಂದ 200 ಕಿಲೋವ್ಯಾಟ್‌ನ ಬಹುತೇಕ ಮೋಟರ್‌ಗಳಿಗೆ ಐಇ4 ಕಡ್ಡಾಯ. ಈಗಾಗಲೇ ಓಡುತ್ತಿರುವ ಹಳೆಯ ಮೋಟರ್‌ಗಳ ಗತಿ? 2012ರಲ್ಲಿ ಶುರುವಾದ ಪ್ಯಾಟ್ ಯೋಜನೆ ಸಿಮೆಂಟ್, ಉಕ್ಕಿನಂಥ ದೊಡ್ಡ ಕಾರ್ಖಾನೆಗಳಿಗೆ. ಊರಿನ ಮಿಲ್ ಅದರ ಲೆಕ್ಕದಲ್ಲಿಲ್ಲ.

ಎಲ್‌ಇಡಿ ಬಲ್ಬ್ ನೆನಪಿಸಿಕೊಳ್ಳಿ. 2015ರಲ್ಲಿ ಉಜಾಲಾ ಯೋಜನೆ ಬಂತು. ಸರ್ಕಾರಿ ಸಂಸ್ಥೆ ಇಇಎಸ್‌ಎಲ್ ಸಗಟಾಗಿ ಕೊಂಡು ಬೆಲೆ ಇಳಿಸಿತು, 36 ಕೋಟಿಗೂ ಹೆಚ್ಚು ಬಲ್ಬ್ ಮನೆಮನೆಗೆ ಹೋದವು. ಮೋಟರ್ ಬದಲಾವಣೆಗೂ ಅದೇ ಸಂಸ್ಥೆಯ ರಾಷ್ಟ್ರೀಯ ಕಾರ್ಯಕ್ರಮವಿದೆ. ಅದರ ಹೆಸರು ಕೇಳಿದ್ದೀರಾ ಎಂದು ನಾವು ಮಾತಾಡಿಸಿದ ಮಿಲ್‌ನವರನ್ನು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಯಾರಿಗೂ ಗೊತ್ತಿಲ್ಲದ ಯೋಜನೆಯಿಂದ ಯಾರ ಬಿಲ್ ಇಳಿಯುತ್ತದೆ?

ತಪ್ಪು ನಮ್ಮದೂ ಇದೆ. ಸೋಲಾರ್ ಘಟಕದ ಟೇಪು ಕತ್ತರಿಸುವ ಫೋಟೋ ಕಳಿಸುತ್ತೇವೆ, ದರ ಏರಿದರೆ ಪ್ರತಿಭಟನೆಯ ಸುದ್ದಿ ಕಳಿಸುತ್ತೇವೆ. ಮಿಲ್‌ನ ಮೂಲೆಯಲ್ಲಿ ಕೈ ಇಡಲಾಗದಷ್ಟು ಬಿಸಿಯಾಗಿ ಓಡುವ ಮೋಟರ್ ಪಕ್ಕ ನಿಂತು ಒಂದು ವರದಿ ಬರೆದವರು ನಮ್ಮಲ್ಲಿ ಎಷ್ಟು ಜನ?

ಸುಮ್ಮನೆ ಮೋಟರ್ ಬದಲಿಸಿದರೂ ಸಾಲದು. ಐಇ3 ಮೋಟರ್ ತುಸು ಹೆಚ್ಚು ವೇಗದಲ್ಲಿ ತಿರುಗುತ್ತದೆ. ಪುಲ್ಲಿ ಸರಿಪಡಿಸದೆ ಬ್ಲೋವರ್‌ಗೆ ಕೂರಿಸಿದರೆ ಉಳಿತಾಯ ಗಾಳಿಗೆ ಹೋಗುತ್ತದೆ. 10 ಎಚ್‌ಪಿ ಸಾಕಾಗುವಲ್ಲಿ 20 ಎಚ್‌ಪಿ ಕೂರಿಸಿದ್ದರೆ ಮೊದಲು ಅದನ್ನು ನೋಡಬೇಕು. ಗಾಳಿ ಕಡಿಮೆ ಸಾಕಾದಾಗ ಬ್ಲೋವರ್‌ನ ವೇಗವನ್ನು ಡ್ರೈವ್ ಹಾಕಿ ಶೇ. 20 ಇಳಿಸಿದರೆ ಅದಕ್ಕೆ ಬೇಕಾದ ಶಕ್ತಿ ಅರ್ಧಕ್ಕೆ ಬರುತ್ತದೆ. ಇದನ್ನು ಅಳೆದು ಹೇಳುವವರು ತಾಲ್ಲೂಕಿಗೊಬ್ಬರಾದರೂ ಬೇಕು.

ಆದ್ದರಿಂದ ನಮ್ಮ ಬೇಡಿಕೆ ನೇರ. ಸೀಸನ್ ಮುಗಿದು ಮಿಲ್ ನಿಂತಿರುವಾಗ ಅಳತೆ ಮಾಡಿ, ಬೆಂಕಿ ಬಿದ್ದ ಮೇಲಲ್ಲ. ಹೊಸ ಮೋಟರ್‌ಗೆ ಸಾಲ ಕೊಡಿ, ಕಂತನ್ನು ಉಳಿದ ಕರೆಂಟ್ ಹಣದಿಂದ ಕಟ್ಟಿಸಿಕೊಳ್ಳಿ. ಹಳೆಯದನ್ನು ವಾಪಸ್ ಪಡೆದು ಗುಜರಿಗೆ ಹಾಕಿ, ಇಲ್ಲವಾದರೆ ಅದು ಪಕ್ಕದೂರಿನ ಹಿಟ್ಟಿನ ಗಿರಣಿಗೆ ಹೋಗಿ ಅಲ್ಲಿಯೂ ತಿನ್ನುತ್ತದೆ. ವೈಂಡಿಂಗ್ ಅಂಗಡಿಗೆ ಓವನ್ ಮತ್ತು ತರಬೇತಿ ಕೊಡಿ.

ಮಿಲ್‌ನ ಖರ್ಚು ಏರಿದಾಗ ಮಾಲೀಕರು ಮೊದಲು ಕೈ ಹಾಕುವುದು ಹಮಾಲರ ಕೂಲಿಗೆ, ಆಮೇಲೆ ರೈತರ ಭತ್ತದ ದರಕ್ಕೆ. ಬಿಸಿಯಾಗಿ ಆರಿಹೋಗುವ ಆ ಯೂನಿಟ್‌ಗಳ ಹಣ ಕೊನೆಗೆ ಬರುವುದು ಇವರಿಬ್ಬರ ಜೇಬಿನಿಂದಲೇ.