ದೂರದ ಓಟವೂ ನಮ್ಮ ಬಾಲಿಕೆಯರೂ

ನಮ್ಮ ದೇಶದಲ್ಲಿ ಬಾಲಿಕೆಯು ಹತ್ತು ವರ್ಷದವಳಾಗುವ ತನಕ ಓಡುವಳು. ಆ ಬಳಿಕ ನಡೆಯುವಳು. ಹೈಸ್ಕೂಲಿನ ಕೊನೆಯ ತರಗತಿಗೆ ಬರುವಷ್ಟರಲ್ಲಿ ಕುಳಿತುಬಿಡುವಳು. ಓಡಬಾರದೆಂದು ಯಾರೂ ಆಜ್ಞೆ ಮಾಡಬೇಕಾಗಿಲ್ಲ. ವ್ಯಾಯಾಮದ ಹೊತ್ತನ್ನು ಗಣಿತಕ್ಕೆ ಕೊಟ್ಟರೆ ಸಾಕು, “ಇನ್ನೂ ಚಿಕ್ಕವಳೇನು?” ಎಂದು ಮನೆಯಲ್ಲಿ ಒಮ್ಮೆ ಕೇಳಿದರೆ ಸಾಕು. ಇದರಿಂದಾಗುವ ನಷ್ಟವೆಷ್ಟೆಂಬದನ್ನು ತೋರಿಸುವದಕ್ಕಾಗಿ ನಾರ್ವೆ ದೇಶದ ಗ್ರೇಟೆ ವೈಟ್ಸ್ ಎಂಬ ಓಟಗಾರ್ತಿಯ ಚರಿತ್ರೆಯನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇನೆ. ಆಕೆಯು ವೃತ್ತಿಯಿಂದ ಶಾಲೆಯ ಉಪಾಧ್ಯಾಯಿನಿಯಾಗಿದ್ದಳೆಂಬದು ಈ ಸಂಚಿಕೆಯಲ್ಲಿ ಆಕೆಯ ಹೆಸರನ್ನೆತ್ತಲು ಮತ್ತೊಂದು ಕಾರಣ.

ಆಕೆಯ ಸಾಧನೆಯನ್ನು ತಿಳಿಯಬೇಕಾದರೆ ಮೊದಲು ಆಕೆಯ ದಾರಿಗೆ ಅಡ್ಡವಾಗಿದ್ದ ಗೋಡೆಯನ್ನು ನೋಡಬೇಕು. 1928ನೆಯ ಇಸವಿಯಲ್ಲಿ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ 800 ಮೀಟರ್ ಓಟವನ್ನು ಮೊದಲ ಸಾರಿ ಏರ್ಪಡಿಸಿದರು. ಜರ್ಮನಿಯ ಲೀನಾ ರಾಡ್ಕೆಯು ಗೆದ್ದಳು. ಅಂತಿಮ ಪಂದ್ಯದಲ್ಲಿದ್ದ ಒಂಬತ್ತು ಮಂದಿಯೂ ಗುರಿಯನ್ನು ಮುಟ್ಟಿದರು. ಆದರೆ ಸ್ತ್ರೀಯರು ದಣಿದು ಕುಸಿದು ಬಿದ್ದರೆಂದು ವೃತ್ತಪತ್ರಿಕೆಗಳು ಬಣ್ಣ ಕಟ್ಟಿ ಬರೆದವು. ಅದನ್ನು ನಂಬಿದ ಅಧಿಕಾರಿಗಳು ಆ ಓಟವನ್ನು ತೆಗೆದುಹಾಕಿದರು. ಅದು ತಿರಿಗಿ ಬಂದದ್ದು 1960ರಲ್ಲಿ. ಗೆದ್ದ ಪುರುಷನು ಏದುಸಿರು ಬಿಟ್ಟರೆ ಅದು ಪರಾಕ್ರಮ, ಸ್ತ್ರೀಯು ಬಿಟ್ಟರೆ ಅದು ಬಲಹೀನತೆ ಎಂಬ ನ್ಯಾಯವು ಮೂವತ್ತೆರಡು ವರ್ಷ ನಡೆಯಿತು. 1966ರಲ್ಲಿ ಬಾಸ್ಟನ್ ನಗರದ ಮ್ಯಾರಥಾನ್ ಓಟಕ್ಕೆ ಸೇರಲು ರಾಬರ್ಟಾ ಗಿಬ್ ಎಂಬ ತರುಣಿಯು ಅರ್ಜಿ ಹಾಕಿದಾಗ, ಸ್ತ್ರೀಯರ ಶರೀರವು ಅಷ್ಟು ದೂರಕ್ಕೆ ತಕ್ಕದ್ದಲ್ಲವೆಂದು ಉತ್ತರ ಬಂದಿತು. ಆಕೆಯು ಪೊದೆಯ ಮರೆಯಲ್ಲಿ ನಿಂತಿದ್ದು, ಓಟವು ಆರಂಭವಾದೊಡನೆ ಗುಂಪಿನಲ್ಲಿ ಸೇರಿ, ಕೊನೆಯ ತನಕ ಓಡಿದಳು.

ಗ್ರೇಟೆಯು 1953ನೆಯ ಅಕ್ಟೋಬರ್ 1ರಂದು ಓಸ್ಲೋದಲ್ಲಿ ಹುಟ್ಟಿದಳು. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸಿಗೆ ಹೋದಾಗ ಅಲ್ಲಿ ಸ್ತ್ರೀಯರಿಗಿದ್ದ ಅತಿ ದೂರದ ಓಟವು 1500 ಮೀಟರು ಮಾತ್ರ. ಆಕೆಯ ಶಕ್ತಿಯು ಇನ್ನೂ ದೂರದ್ದಾಗಿತ್ತು; ಆದರೆ ಅದನ್ನು ಅಳೆಯುವ ಕೋಲೇ ಆಗ ಅಲ್ಲಿರಲಿಲ್ಲ. 1975ರಲ್ಲಿ 3000 ಮೀಟರ್ ಓಟದಲ್ಲಿ ಜಗತ್ತಿನ ದಾಖಲೆಯನ್ನು ಸ್ಥಾಪಿಸಿದಳಾದರೂ ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೆ ಆ ಓಟವಿರಲಿಲ್ಲ.

1978ರ ಅಕ್ಟೋಬರಿನಲ್ಲಿ ಗಂಡನ ಒತ್ತಾಯದ ಮೇರೆಗೆ ಆಕೆಯು ನ್ಯೂಯಾರ್ಕಿನ ಮ್ಯಾರಥಾನಿಗೆ ಹೋದಳು. ಆ ಓಟದ ದೂರವು 26 ಮೈಲು 385 ಗಜ. ಅಭ್ಯಾಸದಲ್ಲಿ ಆಕೆಯು ಅದರ ಅರ್ಧದಷ್ಟಕ್ಕಿಂತ ಹೆಚ್ಚು ಓಡಿದವಳಲ್ಲ. ಇತರರಿಗೆ ವೇಗ ಹಿಡಿದುಕೊಡುವದಕ್ಕಾಗಿಯೇ ಆಕೆಯನ್ನು ಸೇರಿಸಿಕೊಂಡಿದ್ದರು. ಕೊನೆಯ ಹತ್ತು ಮೈಲುಗಳಲ್ಲಿ ಬಹು ನೋವುಂಡರೂ 2 ಗಂಟೆ 32 ನಿಮಿಷ 30 ಸೆಕೆಂಡುಗಳಲ್ಲಿ ಗುರಿಮುಟ್ಟಿ, ಅಲ್ಲಿಯ ವರೆಗಿನ ಸ್ತ್ರೀಯರ ಅತ್ಯುತ್ತಮ ಕಾಲವನ್ನು ಎರಡು ನಿಮಿಷಕ್ಕೂ ಮಿಗಿಲಾಗಿ ಇಳಿಸಿದಳು. ಒಡನೆಯೇ ಪಾದರಕ್ಷೆಗಳನ್ನು ಕಳಚಿ ಗಂಡನ ಕಡೆಗೆ ಎಸೆದು, ಇನ್ನೆಂದೂ ಇಂಥ ಮೂರ್ಖತನ ಮಾಡೆನೆಂದಳಂತೆ! ಮರುವರ್ಷ ಪುನಃ ಅಲ್ಲಿಗೆ ಬಂದು 2 ಗಂಟೆ 27 ನಿಮಿಷ 33 ಸೆಕೆಂಡುಗಳಲ್ಲಿ ಓಡಿದಳು. ಎರಡೂವರೆ ಗಂಟೆಯೊಳಗೆ ಮ್ಯಾರಥಾನನ್ನು ಮುಗಿಸಿದ ಪ್ರಥಮ ಸ್ತ್ರೀಯು ಈಕೆಯೇ. 1978ರಿಂದ 1988ರ ವರೆಗೆ ನ್ಯೂಯಾರ್ಕಿನಲ್ಲಿ ಒಂಬತ್ತು ಸಾರಿ ಗೆದ್ದಳು. 1983ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್ ಆದಳು. 1984ರಲ್ಲಿ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಮ್ಯಾರಥಾನು ಕಡೆಗೂ ಸೇರಿತು. ಅಲ್ಲಿ ಅಮೇರಿಕದ ಜೋನ್ ಬೆನೊಯ್ಟಳು ಚಿನ್ನವನ್ನೂ ಗ್ರೇಟೆಯು ಬೆಳ್ಳಿಯನ್ನೂ ಪಡೆದರು.

ನನ್ನ ದೃಷ್ಟಿಯಲ್ಲಿ ಈ ವಿಜಯಗಳೆಲ್ಲಕ್ಕಿಂತ ದೊಡ್ಡದು ಆಕೆಯ 1992ರ ಓಟ. ನ್ಯೂಯಾರ್ಕ್ ಪಂದ್ಯದ ನಿರ್ವಾಹಕನಾದ ಫ್ರೆಡ್ ಲೆಬೋ ಎಂಬವನು ಮಿದುಳಿನ ಕ್ಯಾನ್ಸರಿನಿಂದ ಬಳಲುತ್ತಿದ್ದನು. ಆತನಿಗೆ ತಾನೇ ಏರ್ಪಡಿಸಿದ ದಾರಿಯಲ್ಲಿ ಓಡಬೇಕೆಂಬ ಆಶೆ. ಗ್ರೇಟೆಯು ತನ್ನ ವೇಗವನ್ನೆಲ್ಲಾ ಬಿಟ್ಟು, ಆತನ ಪಕ್ಕದಲ್ಲಿಯೇ ಐದೂವರೆ ಗಂಟೆಗೂ ಹೆಚ್ಚು ಕಾಲ ಓಡಿ, ಜೊತೆಯಲ್ಲಿಯೇ ಗುರಿಯನ್ನು ದಾಟಿದಳು. ಮುಂದೆ 2005ರಲ್ಲಿ ಆಕೆಗೂ ಕ್ಯಾನ್ಸರ್ ರೋಗವು ತಗಲಿತು. ಆಗಲೂ ಸುಮ್ಮನಿರದೆ, ರೋಗಿಗಳಿಗೆ ವ್ಯಾಯಾಮದ ಅನುಕೂಲ ಕಲ್ಪಿಸುವ ಒಂದು ಸಂಸ್ಥೆಯನ್ನು 2007ರಲ್ಲಿ ಸ್ಥಾಪಿಸಿದಳು. 2011ನೆಯ ಏಪ್ರಿಲ್ 19ರಂದು, 57ನೆಯ ವಯಸ್ಸಿನಲ್ಲಿ ದೈವಾಧೀನಳಾದಳು.

ಇದೆಲ್ಲಾ ಶೀತದೇಶದ ಮಾತು, ನಮಗೆ ಸಲ್ಲದೆಂದು ಕೆಲವರು ಹೇಳಬಹುದು. ಹಾಗಾದರೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಹಳ್ಳಿಯಿಂದ ಬಂದ ಲಲಿತಾ ಬಾಬರಳು 2016ರಲ್ಲಿ ರಿಯೋ ಒಲಿಂಪಿಕ್ಸಿನ 3000 ಮೀಟರ್ ಅಡೆತಡೆ ಓಟದ ಅಂತಿಮ ಪಂದ್ಯವನ್ನು ಸೇರಿ ಹತ್ತನೆಯವಳಾದದ್ದು ಹೇಗೆ? ಓಡಿದರೆ ಪಾಠವು ಕೆಡುವದೆಂದು ಇನ್ನು ಕೆಲವರು ಹೇಳುವರು. ದಿನಕ್ಕೆ ಅರ್ಧ ಗಂಟೆಯ ಓಟದಿಂದ ಕೆಡುವ ಪಾಠವು ಮೊದಲೇ ಗಟ್ಟಿಯಾಗಿರಲಿಲ್ಲವೆಂದು ತಿಳಿಯಬೇಕು. ಹಾದಿಯಲ್ಲಿ ಜನರು ನೋಡಿ ನಗುವರೆಂಬ ಮೂರನೆಯ ಆಕ್ಷೇಪವು ಸುಳ್ಳಲ್ಲ. ಆದರೆ ನಗುವವರನ್ನು ತಿದ್ದುವದನ್ನು ಬಿಟ್ಟು ಓಡುವವಳನ್ನು ಕೂಡ್ರಿಸುವದು ಯಾವ ನೀತಿ? ಹೆಣ್ಣುಮಕ್ಕಳಿಗೆ ಅಕ್ಷರವೇಕೆಂದು ಜನರು ನಕ್ಕ ಕಾಲದಲ್ಲಿಯೇ ಇಂಥ ಶಾಲೆಗಳು ಹುಟ್ಟಿದವು.

ಆದಕಾರಣ ನಮ್ಮ ಬಾಲಿಕಾ ಪಾಠಶಾಲೆಗಳಿಗೆ ನನ್ನ ಸೂಚನೆಯಿಷ್ಟೇ. ವರುಷಕ್ಕೊಂದು ದಿನ ನಾಲ್ವರು ಚುರುಕು ಹುಡುಗಿಯರು ಓಡುವದನ್ನು ಮಿಕ್ಕವರು ಕೂತು ನೋಡಿ ಚಪ್ಪಾಳೆ ತಟ್ಟುವದು ಸಾಲದು. ವಾರಕ್ಕೆ ಮೂರು ದಿನ ಎಲ್ಲರೂ ಓಡಲಿ, ಉಪಾಧ್ಯಾಯಿನಿಯರೂ ಜೊತೆಗೂಡಲಿ. ಇದಕ್ಕೆ ಹಣ ಬೇಡ, ಸಲಕರಣೆ ಬೇಡ. ಇನ್ನೂರು ಗಜ ಸುತ್ತಳತೆಯ ಅಂಗಳವಿದ್ದರೆ ಒಂಬತ್ತು ಸುತ್ತಿಗೆ ಸುಮಾರು ಒಂದು ಮೈಲಾಗುವದು. ಮೊದಲ ತಿಂಗಳು ಎರಡು ಸುತ್ತು ಓಡಲಿ, ದಣಿದವಳು ನಡೆಯಲಿ. ತಿಂಗಳಿಂದ ತಿಂಗಳಿಗೆ ಸುತ್ತು ಹೆಚ್ಚಲಿ. ಬಹುಮಾನ ಕೊಡುವದಾದರೆ ಮುಂದೆ ಬಂದವಳಿಗೆ ಮಾತ್ರವಲ್ಲ, ಒಂದು ದಿನವೂ ತಪ್ಪದೆ ಬಂದವಳಿಗೂ ಕೊಡಿರಿ. ಅಪೊಸ್ತಲನಾದ ಪೌಲನು ಭಕ್ತರ ಬಾಳಿಗೆ ಓಟದ ಪಂದ್ಯವನ್ನು ಹೋಲಿಸಿದಾಗ ಆ ಉಪದೇಶವನ್ನು ಗಂಡುಮಕ್ಕಳಿಗೆ ಮಾತ್ರ ಮೀಸಲಿಡಲಿಲ್ಲ.

ಎಲ್ಲರೂ ಗ್ರೇಟೆಯಂತೆ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ದೇವರು ತನಗೆಷ್ಟು ದೂರದ ಶಕ್ತಿಯನ್ನು ಕೊಟ್ಟಿರುವನೆಂಬದನ್ನು ಪ್ರತಿಯೊಬ್ಬ ಬಾಲಿಕೆಯೂ ತನ್ನ ಕಾಲುಗಳಿಂದಲೇ ತಿಳಿಯಲಿ; ಬೇರೆಯವರ ಬಾಯಿಂದ ತಿಳಿಯುವದು ಬೇಡ.