ಓದದೆ ಹಾಕಿದ ಸಹಿ

ನಾಯಂಡಹಳ್ಳಿಯ ನಮ್ಮ ಸ್ವಸಹಾಯ ಸಂಘದಲ್ಲಿ ಒಂದು ನಿಯಮವಿದೆ. ವಾರದ ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕವನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಎಷ್ಟು ಉಳಿತಾಯ ಬಂತು, ಯಾರಿಗೆ ಎಷ್ಟು ಸಾಲ ಕೊಟ್ಟೆವು, ಬ್ಯಾಂಕಿಗೆ ಎಷ್ಟು ಕಟ್ಟಿದೆವು, ಎಲ್ಲವನ್ನೂ ಕೇಳಿಸಿಕೊಂಡ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಊದಿನಕಡ್ಡಿ ಹೊಸೆಯುವ ನಮ್ಮ ಹಿರಿಯ ಸದಸ್ಯೆಯೊಬ್ಬರಿಗೆ ಓದಲು ಬಾರದು. ಆದರೆ "ಇನ್ನೊಂದು ಸಲ ಓದಮ್ಮ, ಬಡ್ಡಿ ಲೆಕ್ಕ ಸರಿಯಾಗಿ ಕೇಳಿಸಲಿಲ್ಲ" ಎನ್ನದೆ ಅವರು ಹೆಬ್ಬೆಟ್ಟು ಒತ್ತಿದ್ದನ್ನು ನಾನು ನೋಡಿಲ್ಲ.

ಅವರನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ನಾನು ಬಿ.ಕಾಂ. ಓದಿದವಳು. ಆದರೂ 2010ರ ಏಪ್ರಿಲ್‌ನಲ್ಲಿ, ಅಮೆರಿಕಕ್ಕೆ ಹೋಗಿ ಇನ್ನೂ ಎರಡು ತಿಂಗಳು ತುಂಬದಿದ್ದಾಗ, ಗಂಡ ಮೇಜಿನ ಮೇಲೆ ಇಟ್ಟ ಕಾಗದಕ್ಕೆ ಒಂದಕ್ಷರವೂ ಓದದೆ ಸಹಿ ಹಾಕಿದೆ. "ಟ್ಯಾಕ್ಸ್ ಪೇಪರು, ನಿನಗೆ ಅರ್ಥ ಆಗಲ್ಲ, ಇಲ್ಲಿ ಸೈನ್ ಮಾಡು" ಎಂದ. ಮಾಡಿ, ಒಲೆಯ ಮೇಲಿದ್ದ ಸಾರು ನೋಡಲು ಎದ್ದು ಹೋದೆ.

ಅಮೆರಿಕದ ತೆರಿಗೆಗೂ ನಮ್ಮ ಸಂಘಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ, ಗೆಳತಿಯರೇ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಬೆನ್ನು ಬಾಗಿಸಿ ದುಡಿದು ಹೆಣ್ಣುಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಆ ಮಕ್ಕಳಿಗೆ ಇಂದು "ಹುಡುಗ ಅಮೆರಿಕದಲ್ಲಿದ್ದಾನೆ" ಎಂಬ ಸಂಬಂಧಗಳು ಬರುತ್ತಿವೆ. ಆ ಒಂದು ಮಾತಿಗೆ ವರದಕ್ಷಿಣೆಯ ದರ ಎಷ್ಟು ಏರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ತಂದೆ ಕೆಂಗೇರಿ ಕಡೆಯಿದ್ದ ಒಂದೇ ಒಂದು ಸೈಟು ಮಾರಿದರು. ಹುಡುಗನಿಗೆ ರಜೆಯಿಲ್ಲವೆಂದು ಆತುರಾತುರವಾಗಿ 2009ರ ನವೆಂಬರ್‌ನಲ್ಲಿ ಮದುವೆಯಾಯಿತು. ಫೆಬ್ರುವರಿಯಲ್ಲಿ ನಾನು ವಿಮಾನ ಹತ್ತಿದೆ.

ಆ ಕಾಗದ ಏನೆಂದು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ನಿಮ್ಮ ಮಕ್ಕಳಿಗೆ ಅಷ್ಟು ಕಾಲ ಹಿಡಿಯಬಾರದು ಎಂಬುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಗಂಡನ ಆದಾಯ ತೆರಿಗೆ ಗಂಡನದು, ಹೆಂಡತಿಯದು ಹೆಂಡತಿಯದು. ಅಮೆರಿಕದಲ್ಲಿ ಗಂಡ ಹೆಂಡತಿ ಸೇರಿ ಒಂದೇ ಲೆಕ್ಕಪತ್ರ ಕೊಡಬಹುದು. ಅದಕ್ಕೆ ಜಂಟಿ ರಿಟರ್ನ್ ಎನ್ನುತ್ತಾರೆ. ಡಿಸೆಂಬರ್ 31ರಂದು ನೀವು ವಿವಾಹಿತರಾಗಿದ್ದರೆ ಆ ವರ್ಷವಿಡೀ ವಿವಾಹಿತರೆಂದೇ ಲೆಕ್ಕ. ಹೆಂಡತಿ ಆ ವರ್ಷ ಆ ದೇಶಕ್ಕೆ ಕಾಲಿಟ್ಟಿಲ್ಲದಿದ್ದರೂ, ಅವಳನ್ನು ಅಲ್ಲಿನ ನಿವಾಸಿಯೆಂದು ಪರಿಗಣಿಸಿ ಎಂದು ಇಬ್ಬರೂ ಸಹಿ ಹಾಕಿ ಬರೆದುಕೊಟ್ಟರೆ ಜಂಟಿ ರಿಟರ್ನ್ ಸಲ್ಲುತ್ತದೆ. ನಾನು ಸಹಿ ಹಾಕಿದ್ದು 2009ರ ಲೆಕ್ಕಕ್ಕೆ. ಆ ವರ್ಷವೆಲ್ಲ ನಾನಿದ್ದದ್ದು ನಾಯಂಡಹಳ್ಳಿಯಲ್ಲಿ!

ಇದರಿಂದ ಯಾರಿಗೆ ಲಾಭ? ತೆರಿಗೆ ಲೆಕ್ಕ ಹಾಕುವ ಮುನ್ನ ಆದಾಯದಲ್ಲಿ ಒಂದು ಮೊತ್ತವನ್ನು ಕಳೆಯುತ್ತಾರೆ. 2024ರ ಆದಾಯಕ್ಕೆ ಅದು ಒಂಟಿ ವ್ಯಕ್ತಿಗೆ 14,600 ಡಾಲರ್, ಜಂಟಿಯಾಗಿ ಸಲ್ಲಿಸುವ ದಂಪತಿಗೆ 29,200 ಡಾಲರ್. ಹೆಂಡತಿಗೆ ಸಂಪಾದನೆಯೇ ಇಲ್ಲದಿದ್ದರೂ ಗಂಡನ ಸಂಬಳದಿಂದ ಎರಡು ಪಟ್ಟು ಕಳೆಯುತ್ತದೆ. ತೆರಿಗೆಯ ದರದ ಮೆಟ್ಟಿಲುಗಳೂ ಸಡಿಲವಾಗುತ್ತವೆ. ನನ್ನ ಹೆಸರು ಸೇರಿದ್ದರಿಂದ ನನ್ನ ಗಂಡನಿಗೆ ಆ ವರ್ಷ ನಾಲ್ಕು ಸಾವಿರ ಚಿಲ್ಲರೆ ಡಾಲರ್ ವಾಪಸ್ಸು ಬಂತು. ಅದು ಅವನೊಬ್ಬನ ಖಾತೆಗೆ ಹೋಯಿತು. ಅದೇ ಬೇಸಿಗೆಯಲ್ಲಿ ನನ್ನ ಅತ್ತೆ ನನ್ನ ತಂದೆಗೆ ಫೋನು ಮಾಡಿ, "ಅಲ್ಲಿ ದುಡಿದದ್ದೆಲ್ಲ ಟ್ಯಾಕ್ಸ್‌ಗೇ ಹೋಗುತ್ತಂತೆ, ಮಗಳ ಖರ್ಚು ಬೇರೆ. ಕಾರಿಗೆ ನೀವೇ ಏನಾದರೂ ಮಾಡಿ" ಎಂದರು. ಅಪ್ಪ ಸಾಲ ಮಾಡಿ ಕಳಿಸಿದರು. ನನ್ನಿಂದ ಉಳಿದ ತೆರಿಗೆಯ ಹಣ ಗಂಡನ ಜೇಬಿನಲ್ಲಿತ್ತು. ತೆರಿಗೆಯ ಹೆಸರು ಹೇಳಿ ತವರಿನಿಂದ ಮತ್ತೆ ವಸೂಲಿ ಮಾಡಿದರು. ವರದಕ್ಷಿಣೆ ಹಸೆಮಣೆಯಲ್ಲಿ ಮುಗಿಯುವುದಿಲ್ಲ ಎಂದು ನಮ್ಮ ಚಳವಳಿ ಹೇಳುತ್ತಲೇ ಬಂದಿದೆ. ಅದು ಏಪ್ರಿಲ್ ತಿಂಗಳ ತೆರಿಗೆ ಕಾಗದದೊಳಗೂ ನುಸುಳುತ್ತದೆ.

ಲಾಭ ಅವನಿಗೆ. ಹೊಣೆ? ಜಂಟಿ ರಿಟರ್ನಿಗೆ ಸಹಿ ಹಾಕಿದ ಇಬ್ಬರೂ ಪೂರ್ತಿ ತೆರಿಗೆಗೆ ಹೊಣೆಗಾರರು. ಗಂಡ ಆದಾಯ ಮುಚ್ಚಿಟ್ಟಿದ್ದರೆ ಬಾಕಿ, ಬಡ್ಡಿ, ದಂಡ ಎಲ್ಲವನ್ನೂ ಹೆಂಡತಿಯಿಂದಲೂ ಕೇಳಬಹುದು. ವಿಚ್ಛೇದನವಾದರೂ ಈ ಹೊಣೆ ಬಿಡುವುದಿಲ್ಲ. ಎಚ್-1ಬಿ ವೀಸಾದವನ ಹೆಂಡತಿಗೆ ಕೊಡುವುದು ಎಚ್-4, ಅಂದರೆ ಅವಲಂಬಿತೆ ಎಂಬ ವೀಸಾ. ನಾನಿದ್ದಾಗ ಅದರಲ್ಲಿ ಒಂದು ಡಾಲರ್ ದುಡಿಯಲೂ ಅನುಮತಿ ಇರಲಿಲ್ಲ. 2015ರ ಮೇ 26ರಿಂದ ಕೆಲವರಿಗೆ ಕೆಲಸದ ಪರವಾನಗಿ ಸಿಗುವಂತಾಯಿತು, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ದುಡಿಯುವ ಹಕ್ಕಿಲ್ಲ, ಗಂಡನ ದುಡಿಮೆಯ ಲೆಕ್ಕ ಕೇಳುವ ಧೈರ್ಯವಿಲ್ಲ, ಆದರೆ ಬಾಕಿಗೆ ಮಾತ್ರ ಸಮಪಾಲು. ಇದು ಯಾವ ನ್ಯಾಯ?

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಅಲ್ಲಿನ ನಿವಾಸಿಯೆಂದು ಬರೆದುಕೊಟ್ಟ ಮೇಲೆ ಪ್ರಪಂಚದ ಯಾವ ಮೂಲೆಯ ಆದಾಯವನ್ನಾದರೂ ಆ ಲೆಕ್ಕದಲ್ಲಿ ತೋರಿಸಬೇಕು. ವಿಜಯನಗರದ ಬ್ಯಾಂಕೊಂದರಲ್ಲಿ ಅಪ್ಪ ನನ್ನ ಹೆಸರಿನಲ್ಲಿ ಎಫ್.ಡಿ. ಇಟ್ಟಿದ್ದರು. ಅದರ ಬಡ್ಡಿಯನ್ನು ತೋರಿಸಿರಲಿಲ್ಲ. "ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿಯಾಗುತ್ತೇನೆಂದು ತಿಳಿದು" ಎಂಬ ಪ್ರಮಾಣದ ಕೆಳಗೆ ಇರುವುದು ನನ್ನ ಸಹಿ! ಇದಲ್ಲದೆ, ಅಮೆರಿಕದ ಹೊರಗಿನ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಅಲ್ಲಿನ ನಿವಾಸಿಗಳು ಅದನ್ನು ಬೇರೆಯಾಗಿ ತಿಳಿಸಬೇಕು. ಮಗಳ ಹೆಸರಿನಲ್ಲಿ ಖಾತೆ ತೆರೆದಿರುವ ತಂದೆತಾಯಿಗಳು ಇದನ್ನು ಅವಳಿಗೆ ಹೇಳಿರಬೇಕು.

2013ರಲ್ಲಿ ಒಂದು ಸೂಟ್‌ಕೇಸು ಹಿಡಿದು ನಾನು ವಾಪಸ್ಸು ಬಂದೆ. ಆ ಮೂರು ವರ್ಷದ ಹೊಡೆತ ಬೈಗುಳಗಳನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಈ ಪತ್ರಿಕೆಯ ಪುಟಗಳಲ್ಲಿ ನೀವು ಓದುತ್ತಲೇ ಬಂದಿರುವುದಕ್ಕಿಂತ ಅದು ಬೇರೆಯಲ್ಲ. ಜೀವನಾಂಶಕ್ಕೆ ಅರ್ಜಿ ಹಾಕಿದಾಗ, ಅವನಿಗೆ ಸಂಬಳ ತೀರಾ ಕಡಿಮೆ ಎಂದು ಆ ಕಡೆಯವರು ವಾದಿಸಿದರು. ನನ್ನ ಬಳಿ ಒಂದು ಸಂಬಳ ಚೀಟಿಯೂ ಇರಲಿಲ್ಲ. ಆಗ ಮಹಿಳಾ ಸಂಘಟನೆಯ ಅಕ್ಕ ಒಬ್ಬರು ಕೇಳಿದರು: "ನೀನು ಅಲ್ಲಿ ಯಾವುದಕ್ಕೂ ಸಹಿ ಹಾಕಲಿಲ್ಲವೇ?"

ಹಾಕಿದ್ದೆನಲ್ಲ! ಜಂಟಿ ರಿಟರ್ನಿನಲ್ಲಿ ಸಹಿಯಿರುವ ಗಂಡ ಹೆಂಡತಿ ಇಬ್ಬರಲ್ಲಿ ಯಾರು ಬೇಕಾದರೂ ಅದರ ದಾಖಲೆಯನ್ನು ತೆರಿಗೆ ಇಲಾಖೆಯಿಂದ ಪಡೆಯಬಹುದು. ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ಲೆಕ್ಕದ ಸಾರಾಂಶಕ್ಕೆ 4506-ಟಿ ಎಂಬ ನಮೂನೆ, ಶುಲ್ಕವಿಲ್ಲ. ತುಂಬಿ ಅಂಚೆಗೆ ಹಾಕಿದೆ. ಕೆಲವು ವಾರಗಳ ನಂತರ ನಾಯಂಡಹಳ್ಳಿಯ ನಮ್ಮ ಮನೆ ಬಾಗಿಲಿಗೆ ಲಕೋಟೆ ಬಂತು. ಗಂಡನ ನಿಜವಾದ ಸಂಪಾದನೆ ಎಷ್ಟೆಂದು ನನಗೆ ಮೊದಲ ಬಾರಿಗೆ ಗೊತ್ತಾದದ್ದು ಅಂದು. ಓದದೆ ಹಾಕಿದ ಸಹಿಯೇ ಕೊನೆಗೆ ನನಗೆ ಸಾಕ್ಷಿಯಾಯಿತು.

ಈಗ ಕಾನೂನು ಇನ್ನೂ ಸ್ವಲ್ಪ ಗಟ್ಟಿಯಾಗಿದೆ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂದು ಹೇಳಿತು. ವಿದೇಶದಲ್ಲಿರುವವರು ಅಲ್ಲಿನ ಸಂಪಾದನೆಯ ವಿವರವನ್ನು ದಾಖಲೆ ಸಹಿತ ಕೊಡಬೇಕು. ಆದರೆ ಅವನು ಬರೆದುಕೊಟ್ಟದ್ದು ಸುಳ್ಳೆಂದು ತೋರಿಸಲು ನಮ್ಮ ಕೈಯಲ್ಲಿ ಕಾಗದವಿದ್ದರೆ ತಾನೇ?

ಹಾಗಾಗಿ ಹೊರದೇಶಕ್ಕೆ ಹೊರಟ ಮಗಳಿಗೆ ಚಿನ್ನದ ಜೊತೆ ಈ ಮಾತುಗಳನ್ನೂ ಕಟ್ಟಿ ಕಳಿಸಿ:

1. ತೆರಿಗೆ ಕಾಗದವನ್ನು ಪೂರ್ತಿ ಓದು. ಗಂಡನ ಕಂಪನಿ ಕೊಡುವ ಡಬ್ಲ್ಯು-2 ಎಂಬ ಸಂಬಳದ ಪತ್ರದೊಂದಿಗೆ ತಾಳೆ ನೋಡು. ಈಗ ಕಂಪ್ಯೂಟರಿನಲ್ಲಿ ಐದು ಅಂಕಿಯ ಪಿನ್ ಒತ್ತಿದರೆ ಅದೇ ಸಹಿ. ಆ ಪಿನ್ ನೀನೇ ಒತ್ತಬೇಕು.

2. ಪ್ರತಿ ವರ್ಷದ ರಿಟರ್ನಿನ ಒಂದು ಪ್ರತಿ ನಿನ್ನ ಬಳಿ ಇರಲಿ, ಇನ್ನೊಂದು ತವರಿಗೆ ಬರಲಿ. ಕಾರಿಗೆ, ಮನೆಗೆ ಎಂದು ತವರಿನಿಂದ ಹೋದ ಹಣದ ಬ್ಯಾಂಕ್ ರಸೀತಿಗಳೂ ಜೊತೆಗಿರಲಿ.

3. ಕೆಲಸದ ಪರವಾನಗಿ ಇಲ್ಲದ ಹೆಂಡತಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಸಿಗುವುದಿಲ್ಲ. ತೆರಿಗೆಗೆಂದೇ ಐಟಿಐಎನ್ ಎಂಬ ಸಂಖ್ಯೆಯನ್ನು ಡಬ್ಲ್ಯು-7 ನಮೂನೆಯಲ್ಲಿ ಕೇಳಬೇಕು. "ಅದಕ್ಕೆ ಪಾಸ್‌ಪೋರ್ಟ್ ಬೇಕು" ಎಂದು ಗಂಡ ತೆಗೆದುಕೊಂಡದ್ದು ನನ್ನ ಕೈಗೆ ಮರಳಲು ವರ್ಷಗಳಾದವು. ತೆರಿಗೆ ಇಲಾಖೆಯ ಸಹಾಯ ಕೇಂದ್ರಗಳಲ್ಲಿ, ಮಾನ್ಯತೆ ಪಡೆದ ಏಜೆಂಟರ ಬಳಿ ಪಾಸ್‌ಪೋರ್ಟನ್ನು ನೋಡಿ ಪರಿಶೀಲಿಸುವ ವ್ಯವಸ್ಥೆಯಿದೆ. ನೀನೇ ಹೋಗಿ ತೋರಿಸಿ, ನೀನೇ ವಾಪಸ್ಸು ತಾ.

4. ಗಂಡ ಮುಚ್ಚಿಟ್ಟ ಆದಾಯದ ತೆರಿಗೆ ನಿನ್ನ ತಲೆಗೆ ಬಂದರೆ 8857 ಎಂಬ ನಮೂನೆಯಲ್ಲಿ ವಿನಾಯಿತಿ ಕೇಳಬಹುದು. ಅದರಲ್ಲಿ ದೌರ್ಜನ್ಯದ ಬಗ್ಗೆಯೂ ಹೇಳಲು ಅವಕಾಶವಿದೆ. ಅರ್ಜಿ ಬಂದಿದೆ ಎಂದು ಇಲಾಖೆ ಗಂಡನಿಗೆ ತಿಳಿಸುತ್ತದೆ, ಆದರೆ ನಿನ್ನ ಹೊಸ ವಿಳಾಸ, ಫೋನು ಕೊಡುವುದಿಲ್ಲ. ಕೆಲವು ಬಗೆಯ ವಿನಾಯಿತಿಗೆ ವಸೂಲಿ ಕ್ರಮ ಶುರುವಾದ ಎರಡು ವರ್ಷದೊಳಗೆ ಕೇಳಬೇಕು, ತಡ ಮಾಡಬೇಡ. ಹೊಡೆತ ಬೆದರಿಕೆಗೆ ಅಂಜಿ ಹಾಕಿದ ಸಹಿಯೆಂದು ತೋರಿಸಿದರೆ ಅದು ಜಂಟಿ ರಿಟರ್ನೇ ಅಲ್ಲ.

5. ನೀನು ಒಂಟಿಯಲ್ಲ. ನ್ಯೂಜೆರ್ಸಿಯಲ್ಲಿ 1985ರಲ್ಲಿ ಶುರುವಾದ ಮಾನವಿ, ನ್ಯೂಯಾರ್ಕಿನಲ್ಲಿ 1989ರಲ್ಲಿ ಶುರುವಾದ ಸಖಿ, ಇವು ನಮ್ಮ ಕಡೆಯ ಹೆಣ್ಣುಮಕ್ಕಳೇ ಕಟ್ಟಿದ ಸಂಘಟನೆಗಳು. ಕಡಿಮೆ ಆದಾಯದವರಿಗೆ ತೆರಿಗೆ ವಿಷಯದಲ್ಲಿ ಉಚಿತವಾಗಿ ಇಲ್ಲವೆ ಅಲ್ಪ ಶುಲ್ಕಕ್ಕೆ ನೆರವಾಗುವ ಕೇಂದ್ರಗಳೂ ಅಲ್ಲಿವೆ.

ಇದನ್ನೆಲ್ಲ ಹೇಳಿದಾಗ ನಮ್ಮ ಸಂಘದಲ್ಲೇ ಒಬ್ಬರು ಕೇಳಿದರು: "ಹೊಸದಾಗಿ ಮದುವೆಯಾದವಳು ಗಂಡನ ಲೆಕ್ಕ ಕೇಳಿದರೆ ಅನುಮಾನ ಪಟ್ಟಂತೆ ಆಗುವುದಿಲ್ಲವೇ? ಎಲ್ಲ ಗಂಡಂದಿರೂ ಕಳ್ಳರೇ?" ಅಲ್ಲ. ಸಹಿ ಹಾಕಲೇಬೇಡಿ ಎಂದೂ ನಾನು ಹೇಳುತ್ತಿಲ್ಲ. ಜಂಟಿ ರಿಟರ್ನಿನಿಂದ ಬಹಳಷ್ಟು ಸಂಸಾರಗಳಿಗೆ ಹಣ ಉಳಿಯುತ್ತದೆ, ಅದು ಇಬ್ಬರಿಗೂ ಸೇರಿದ ಹಣ. ನಾವು ಪ್ರತಿ ವಾರ ನಡಾವಳಿ ಓದಿಸುವುದು ನಮ್ಮ ಖಜಾಂಚಿ ಕಳ್ಳಿ ಎಂದೇ? ಲೆಕ್ಕ ಎಲ್ಲರಿಗೂ ಗೊತ್ತಿದ್ದರೆ ಖಜಾಂಚಿಗೂ ಮರ್ಯಾದೆ, ಸಂಘಕ್ಕೂ ಬಲ. ಸಂಸಾರಕ್ಕೆ ಮಾತ್ರ ಬೇರೆ ನಿಯಮ ಏಕೆ? ಲೆಕ್ಕ ಕೇಳಿದ್ದಕ್ಕೇ ಗಂಡ ಕೈ ಎತ್ತಿದರೆ, ಆ ಮನೆಯ ತೊಂದರೆ ತೆರಿಗೆಯದಲ್ಲ ಎಂದು ಆವತ್ತೇ ತಿಳಿಯಿತಲ್ಲ. ನನಗೆ ಮೂರು ವರ್ಷ ತಿಳಿಯಲಿಲ್ಲ.

ಹೊರದೇಶದ ಮಾತು ಬಿಡಿ, ಇಲ್ಲಿಯೂ ಅಷ್ಟೇ. ಗಂಡನ ಸಾಲಕ್ಕೆ ಜಾಮೀನು, ಹೆಂಡತಿ ಹೆಸರಿನಲ್ಲಿ ತೆಗೆದ ಸಾಲ, ತವರಿನ ಆಸ್ತಿಗೆ ಹಕ್ಕು ಬಿಡುಗಡೆ ಪತ್ರ, ಎಲ್ಲದಕ್ಕೂ "ಇಲ್ಲಿ ಸೈನ್ ಮಾಡು" ಎಂಬ ಅದೇ ಮಾತು. ಸಂಘದಲ್ಲಿ ಕಲಿತದ್ದನ್ನು ನಾವು ಹೊಸ್ತಿಲಾಚೆ ಬಿಟ್ಟು ಮನೆಗೆ ಹೋಗುತ್ತಿದ್ದೇವೆ.

ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ತೆಗೆದಿಡಿ. ಮಗಳನ್ನು ಹೊರದೇಶಕ್ಕೆ ಕಳಿಸಿರುವ ತಾಯಿ ನಿಮ್ಮಲ್ಲಿದ್ದರೆ, ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಲಿ. ಊಟ ಆಯಿತೇ, ಚಳಿಯಿದೆಯೇ ಎಂದು ಕೇಳಿದ ಮೇಲೆ ಇದೊಂದನ್ನೂ ಕೇಳಲಿ: "ಏಪ್ರಿಲ್‌ನಲ್ಲಿ ಏನಕ್ಕೆ ಸಹಿ ಹಾಕಿದೆ ಮಗಳೇ? ಓದಿದೆಯಾ? ಅದರ ಪ್ರತಿ ಎಲ್ಲಿದೆ?"